ಸಣ್ಣ ದೋಣಿಯಲ್ಲಿ ಡಾಲ್ಫಿನ್ ನೋಡಲು ಹೋಗುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಡಾಲ್ಫಿನ್ ನೋಡಲು ದೋಣಿ ಹತ್ತಿದವರ ಬಾಯಲ್ಲಿ ಒಂದು ದೂರು ಪದೇ ಪದೇ ಬರುತ್ತದೆ. ದೂರದಲ್ಲಿ ಬೆನ್ನು ಕಂಡಿತು, ದೋಣಿ ಜೋರಾಗಿ ಅತ್ತ ಓಡಿತು, ಹೋಗುವಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ. ಇದಕ್ಕೆ ಅದೃಷ್ಟವನ್ನು ಬೈದು ಪ್ರಯೋಜನವಿಲ್ಲ. ಹೆಚ್ಚಿನ ಸಲ ಹಾಗೆ ಓಡಿ ಹೋದದ್ದರಿಂದಲೇ ಅವು ಮರೆಯಾಗಿರುತ್ತವೆ. ಒಂದೆರಡು ಗಂಟೆಯ ಸುತ್ತಾಟದಲ್ಲಿ ಡಾಲ್ಫಿನ್‌ಗಳನ್ನು ಕಣ್ತುಂಬ ನೋಡಬೇಕಾದರೆ ಮುಕ್ಕಾಲು ಕೆಲಸ ದಡದಲ್ಲೇ ಮುಗಿಯಬೇಕು: ದಿನ, ಹೊತ್ತು, ದೋಣಿ ನಡೆಸುವವರು, ಈ ಮೂರರ ಆಯ್ಕೆ. ನೀರಿಗಿಳಿದ ಮೇಲೆ ಬೇಕಾದದ್ದು ಸುಮ್ನೆ ಕಾಯುವ ತಾಳ್ಮೆ.

ಅಲ್ಲಿ ಯಾವ ಡಾಲ್ಫಿನ್ ಇದೆ, ಮೊದಲು ಕೇಳಿ

ಕಡಲಿನ ಡಾಲ್ಫಿನ್ ಕುಟುಂಬದಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಗಳಿವೆ. ಕಿಲ್ಲರ್ ವೇಲ್ ಎಂದು ಕರೆಯುವ ಓರ್ಕಾ ಕೂಡ ಅದೇ ಕುಟುಂಬದ್ದು, ಎಲ್ಲಕ್ಕಿಂತ ದೊಡ್ಡದು. ಒಂದೊಂದರ ನಡವಳಿಕೆ ಒಂದೊಂದು ಥರ. ಹಾಗಾಗಿ ನೀವು ಹೋಗುವ ನೀರಿನಲ್ಲಿ ಯಾವ ಜಾತಿ ಇದೆ ಎಂದು ಮೊದಲೇ ತಿಳಿದುಕೊಂಡರೆ ಏನನ್ನು ನಿರೀಕ್ಷಿಸಬಹುದು ಎನ್ನುವುದೂ ಗೊತ್ತಾಗುತ್ತದೆ.

ಬಾಟಲ್‌ನೋಸ್ ಡಾಲ್ಫಿನ್ ಎಲ್ಲರಿಗೂ ಪರಿಚಯದ್ದು. ಬೂದು ಮೈ, ಎರಡರಿಂದ ನಾಲ್ಕು ಮೀಟರ್ ಉದ್ದ, ದೋಣಿಯ ಮೇಲೆ ಕುತೂಹಲ ಜಾಸ್ತಿ. ತಾನಾಗಿ ಹತ್ತಿರ ಬರುವ ಸಾಧ್ಯತೆ ಇದೆ. ಹಂಪ್‌ಬ್ಯಾಕ್ ಡಾಲ್ಫಿನ್ ಇದಕ್ಕೆ ಪೂರ್ತಿ ಬೇರೆ. ದಡದ ಪಕ್ಕದ ಆಳವಿಲ್ಲದ ನೀರು, ನದಿ ಕಡಲು ಸೇರುವ ಅಳಿವೆ, ಇವೇ ಅದರ ಜಾಗ. ಉಸಿರಿಗೆ ಮೇಲೆ ಬರುವಾಗ ಉದ್ದ ಮೂತಿ ಮೊದಲು ನೀರಿನಿಂದ ಹೊರಗೆ ಬರುತ್ತದೆ. ನಾಚಿಕೆ ಸ್ವಭಾವ, ದೋಣಿಯ ಜೊತೆ ಆಟಕ್ಕೆ ಬರುವುದು ಅಪರೂಪ. ಇಂಥ ಜಾಗಕ್ಕೆ ಹೋಗಿ ಗಾಳಿಯಲ್ಲಿ ಲಾಗ ಹಾಕುವ ಡಾಲ್ಫಿನ್ ಬೇಕೆಂದರೆ ನಿರಾಸೆ ಆಗುತ್ತದೆ. ಲಾಗ ಹಾಕುವುದು ಸ್ಪಿನ್ನರ್ ಡಾಲ್ಫಿನ್. ನೀರಿನಿಂದ ಚಿಮ್ಮಿ ಬುಗುರಿಯ ಹಾಗೆ ಗಿರ್ರನೆ ಸುತ್ತುತ್ತದೆ. ಇನ್ನು ಮೈಯ ಪಕ್ಕದಲ್ಲಿ ಮರಳು ಗಡಿಯಾರದ ಆಕಾರದ ಪಟ್ಟೆ, ಅದರಲ್ಲಿ ತಿಳಿ ಹಳದಿ ಕಂಡರೆ ಅದು ಕಾಮನ್ ಡಾಲ್ಫಿನ್. ದೊಡ್ಡ ಹಿಂಡಿನಲ್ಲಿ, ಭಾರಿ ವೇಗದಲ್ಲಿ ಓಡಾಡುವಂಥದ್ದು.

ಸ್ಪಿನ್ನರ್ ಬಗ್ಗೆ ಒಂದು ಮಾತು ಸೇರಿಸಬೇಕು. ಇವು ರಾತ್ರಿಯಿಡೀ ಆಳದ ನೀರಿನಲ್ಲಿ ಬೇಟೆಯಾಡಿ ಹಗಲು ದಡದ ಹತ್ತಿರ ಬಂದು ವಿಶ್ರಾಂತಿ ಪಡೆಯುತ್ತವೆ. ಪ್ರವಾಸಿಗರ ದೋಣಿಗಳು ಹೋಗುವುದೂ ಹಗಲು ಹೊತ್ತಿನಲ್ಲೇ ಅಲ್ವಾ? ಅಂದರೆ ನಾವು ಹೋಗುವುದು ಅವುಗಳ ನಿದ್ದೆಯ ಹೊತ್ತಿಗೆ. ಇದೇ ಕಾರಣಕ್ಕೆ ಹವಾಯಿ ದ್ವೀಪಗಳಲ್ಲಿ 2021ರಿಂದ ಸ್ಪಿನ್ನರ್‌ಗಳ 45 ಮೀಟರ್ ಒಳಗೆ ಹೋಗುವುದು ಕಾನೂನುಬಾಹಿರ.

ದಿನ ಮತ್ತು ಹೊತ್ತು

ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ಗಾಳಿಯ ಬಲ ಅಳೆಯಲು ಬ್ಯೂಫರ್ಟ್ ಎಂಬ 0ಯಿಂದ 12ರವರೆಗಿನ ಅಳತೆ ಇದೆ. ಡಾಲ್ಫಿನ್ ಹುಡುಕಲು 0, 1, 2 ಒಳ್ಳೆಯದು. 3ಕ್ಕೆ ಬಂದರೆ, ಅಂದರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್ ಇದ್ದರೆ, ಅಲೆಗಳ ತುದಿ ಅಲ್ಲಲ್ಲಿ ಬೆಳ್ಳಗೆ ಒಡೆಯುತ್ತದೆ. ಆಗ ಪ್ರತಿಯೊಂದು ಬಿಳಿ ನೊರೆಯೂ ಡಾಲ್ಫಿನ್ ಹಾಗೇ ಕಾಣುತ್ತದೆ. ನಿಜವಾದ ಬೆನ್ನುರೆಕ್ಕೆ ಅಲೆಗಳ ನಡುವೆ ಕಳೆದುಹೋಗುತ್ತದೆ. 4 ಎಂದರೆ ಗಂಟೆಗೆ 20 ಕಿಲೋಮೀಟರ್ ಮೇಲೆ. ನೋಡಲು ಬಂದವರಿಗೆ ಸಣ್ಣ ದೋಣಿಯಲ್ಲಿ ಆ ಕಡಲು ಬೇಡವೇ ಬೇಡ.

ಹವಾಮಾನ ಆ್ಯಪ್ ನೋಡುವಾಗ ಮಳೆಯ ಚಿತ್ರ ಮಾತ್ರ ನೋಡಿ ಬಿಡಬೇಡಿ. ಗಾಳಿಯ ವೇಗ, ಅಲೆಯ ಎತ್ತರ, ಎರಡು ಅಲೆಗಳ ನಡುವಿನ ಸೆಕೆಂಡುಗಳು, ಇವನ್ನೂ ನೋಡಿ. ಒಂದು ಮೀಟರ್ ಅಲೆ ಹತ್ತು ಸೆಕೆಂಡಿಗೊಂದು ಬಂದರೆ ದೋಣಿ ನಿಧಾನಕ್ಕೆ ಎದ್ದು ಇಳಿಯುತ್ತದೆ. ಅದೇ ಅಲೆ ನಾಲ್ಕು ಸೆಕೆಂಡಿಗೊಂದು ಬಂದರೆ ಬೆನ್ನುಮೂಳೆ ಲೆಕ್ಕ ಹಾಕಬಹುದು.

ಬೆಳಗಿನ ಜಾವ ಹೊರಡುವುದು ಒಳ್ಳೆಯದು ಎಂದು ಎಲ್ಲರೂ ಹೇಳುವುದಕ್ಕೆ ಕಾರಣವಿದೆ. ಬಿಸಿಲೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಮೇಲೇರುತ್ತದೆ, ಕಡಲಿನಿಂದ ಗಾಳಿ ಒಳಗೆ ನುಗ್ಗುತ್ತದೆ. ಹೀಗಾಗಿ ಮಧ್ಯಾಹ್ನದ ಹೊತ್ತಿಗೆ ನೀರು ಕಲಕಿರುತ್ತದೆ. ಬೆಳಗ್ಗೆ ಸಾಮಾನ್ಯವಾಗಿ ಶಾಂತ. ತೆಳು ಮೋಡದ ದಿನ ಇನ್ನೂ ಚೆನ್ನ. ಪೂರ್ತಿ ಬಿಸಿಲಿನಲ್ಲಿ ನೀರಿನ ಹೊಳಪು ಕಣ್ಣು ಕುಕ್ಕುತ್ತದೆ. ಮೋಡವಿದ್ದರೆ ಕಪ್ಪು ಬೆನ್ನು ಬೂದು ನೀರಿನ ಮೇಲೆ ಎದ್ದು ಕಾಣುತ್ತದೆ.

ಅಳಿವೆ, ಕಿರಿದಾದ ಜಲಸಂಧಿ, ಕಡಲಿಗೆ ಚಾಚಿದ ಬಂಡೆಯ ಮೂಲೆ, ಇಂಥ ಕಡೆ ಭರತ ಇಳಿತದ ವೇಳೆಯನ್ನೂ ನೋಡಿ. ನೀರು ಹರಿದಾಡುವಾಗ ಮೀನು ಒಂದೆಡೆ ಒತ್ತರಿಸಿಕೊಂಡು ಸಿಗುತ್ತದೆ, ಡಾಲ್ಫಿನ್ ಅಲ್ಲಿಗೆ ಬರುತ್ತದೆ. ಏರುವ ನೀರೋ ಇಳಿಯುವ ನೀರೋ ಎಂಬುದು ಜಾಗಕ್ಕೆ ತಕ್ಕಂತೆ ಬೇರೆ. ಆ ನೀರಿನಲ್ಲಿ ಬಲೆ ಬೀಸುವವರಿಗೆ ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಾರೆ.

ಸಾಧ್ಯವಿದ್ದರೆ ಎರಡು ಮೂರು ದಿನ ಕೈಯಲ್ಲಿಟ್ಟುಕೊಂಡು ಹೋಗಿ. ಅದರಲ್ಲಿ ಗಾಳಿ ಕಡಿಮೆ ಇರುವ ಬೆಳಗನ್ನು ಆರಿಸಿ.

ದೋಣಿ, ದೋಣಿಯವರು

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. "ಖಂಡಿತ ತೋರಿಸುತ್ತೇವೆ, ಕೈಗೆ ಸಿಗುವಷ್ಟು ಹತ್ತಿರ" ಎನ್ನುವವರ ದೋಣಿ ಹತ್ತಬೇಡಿ. ಕಾಡು ಪ್ರಾಣಿಯನ್ನು ಖಂಡಿತ ತೋರಿಸುತ್ತೇನೆ ಎಂದವರು ಒಂದೋ ಬೆನ್ನಟ್ಟುತ್ತಾರೆ, ಇಲ್ಲವೇ ಮೀನು ಎಸೆದು ಕರೆಯುತ್ತಾರೆ. ಎರಡೂ ಬೇಡ. "ಕಂಡರೆ ಕಂಡೀತು, ಕಂಡ ಮೇಲೆ ಎಂಜಿನ್ ನಿಲ್ಲಿಸುತ್ತೇವೆ" ಎನ್ನುವವರನ್ನು ಹುಡುಕಿ.

ಮಾತಾಡುವಾಗ ಇಷ್ಟು ಕೇಳಿ:

- ಡಾಲ್ಫಿನ್ ಕಂಡಾಗ ಎಷ್ಟು ದೂರದಲ್ಲಿ ನಿಲ್ಲುತ್ತೀರಿ, ಎಷ್ಟು ಹೊತ್ತು ಇರುತ್ತೀರಿ?
- ಬೇರೆ ದೋಣಿಗಳು ಆಗಲೇ ಸುತ್ತುವರಿದಿದ್ದರೆ ಏನು ಮಾಡುತ್ತೀರಿ?
- ದೋಣಿಗೆ ಪರವಾನಗಿ ಇದೆಯೇ, ಎಷ್ಟು ಜನರಿಗೆ?
- ಪ್ರತಿಯೊಬ್ಬರಿಗೂ, ಮಕ್ಕಳಿಗೂ, ಅಳತೆಯ ಲೈಫ್ ಜಾಕೆಟ್ ಇದೆಯೇ?

ಎರಡನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಮನುಷ್ಯ ಎಂಥವರು ಎಂದು ಗೊತ್ತಾಗುತ್ತದೆ. ನ್ಯೂಜಿಲೆಂಡಿನ 1992ರ ನಿಯಮದ ಪ್ರಕಾರ ಡಾಲ್ಫಿನ್ ಹಿಂಡಿನ 300 ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ದೋಣಿ ಇರುವಂತಿಲ್ಲ. ನಿಮ್ಮಲ್ಲಿ ಅಂಥ ನಿಯಮ ಇರಲಿ ಬಿಡಲಿ, ಈ ಲೆಕ್ಕ ಒಳ್ಳೆಯದು. ಇದು ಬರೀ ಮರ್ಯಾದೆಯ ವಿಷಯವೂ ಅಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಪ್ರವಾಸಿ ದೋಣಿ ನಡೆಸುವವರು ಒಬ್ಬರಿದ್ದದ್ದು ಇಬ್ಬರಾದ ಮೇಲೆ ಆ ಭಾಗದಲ್ಲಿ ಬಾಟಲ್‌ನೋಸ್‌ಗಳ ಸಂಖ್ಯೆ ಸುಮಾರು ಶೇ. 15ರಷ್ಟು ಕುಸಿದದ್ದನ್ನು ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಒಂದೇ ಒಂದು ಹೆಚ್ಚುವರಿ ಪರವಾನಗಿಗೆ ಇಷ್ಟು ಪರಿಣಾಮ.

ಎಂಜಿನ್ ಬಗ್ಗೆಯೂ ಗಮನ ಇರಲಿ. ನಾಲ್ಕು ಸ್ಟ್ರೋಕ್‌ನದ್ದು ಹಳೆಯ ಎರಡು ಸ್ಟ್ರೋಕ್‌ನದ್ದಕ್ಕಿಂತ ಸದ್ದು, ಹೊಗೆ ಎರಡರಲ್ಲೂ ಕಡಿಮೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿನ ನಾಲ್ಕು ಪಟ್ಟಿಗೂ ಜಾಸ್ತಿ. ಡಾಲ್ಫಿನ್ ದಾರಿ ಕಂಡುಕೊಳ್ಳುವುದು, ಮೀನು ಹಿಡಿಯುವುದು, ಒಂದನ್ನೊಂದು ಕರೆಯುವುದು ಎಲ್ಲವೂ ಸದ್ದಿನಿಂದಲೇ. ಬಾಟಲ್‌ನೋಸ್‌ಗಳಿಗಂತೂ ಒಂದೊಂದಕ್ಕೂ ತನ್ನದೇ ಶಿಳ್ಳೆ ಇದೆ, ಹೆಸರಿನ ಹಾಗೆ. ಎಂಜಿನ್ ಗದ್ದಲದಲ್ಲಿ ಅದೆಲ್ಲ ಮುಳುಗಿಹೋಗುತ್ತದೆ.

ನೀವೇ ದೋಣಿ ನಡೆಸುವವರಾದರೆ ಇಂಧನದ ಹಳೆಯ ಲೆಕ್ಕ ಮರೆಯಬೇಡಿ: ಹೋಗಲು ಮೂರನೇ ಒಂದು ಪಾಲು, ಬರಲು ಮೂರನೇ ಒಂದು ಪಾಲು, ಉಳಿದದ್ದು ಆಪತ್ತಿಗೆ. ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂಥ ಹಗ್ಗ ಇರುತ್ತದಲ್ಲ, ಅದನ್ನು ಕೈಗೋ ಕಾಲಿಗೋ ಕಟ್ಟಿಕೊಂಡೇ ಹೊರಡಿ. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಎಂದು ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ. ವಿಎಚ್‌ಎಫ್ ರೇಡಿಯೊ ಇದ್ದರೆ ಆಪತ್ತಿನ ಕರೆಗೆ 16ನೇ ಚಾನೆಲ್.

ಜೊತೆಗೆ ಏನಿರಬೇಕು

ಪೋಲರೈಸ್ಡ್ ಕನ್ನಡಕಕ್ಕೆ ಮೊದಲ ಸ್ಥಾನ. ಅದು ನೀರಿನ ಹೊಳಪು ಕತ್ತರಿಸುವುದರಿಂದ ಮೇಲ್ಮೈಗಿಂತ ಸ್ವಲ್ಪ ಕೆಳಗೆ ಸಾಗುವ ಮೈ ಕೂಡ ಕಾಣುತ್ತದೆ. ದುರ್ಬೀನು ಒಯ್ಯುವುದಾದರೆ 7 ಅಥವಾ 8 ಪಟ್ಟು ಸಾಕು. 10, 12 ಪಟ್ಟಿನದ್ದು ಅಲುಗಾಡುವ ದೋಣಿಯಲ್ಲಿ ಏನನ್ನೂ ತೋರಿಸುವುದಿಲ್ಲ, ತಲೆ ತಿರುಗಿಸುತ್ತದೆ ಅಷ್ಟೇ. ದಾರ ಇರುವ ಟೋಪಿ, ಉದ್ದ ತೋಳಿನ ಅಂಗಿ, ಗಾಳಿ ತಡೆಯುವ ಒಂದು ತೆಳು ಜಾಕೆಟ್, ಕುಡಿಯುವ ನೀರು, ಫೋನಿಗೆ ನೀರು ನುಗ್ಗದ ಚೀಲ. ದಡದಲ್ಲಿ ಸೆಖೆ ಇದ್ದರೂ ಓಡುವ ದೋಣಿಯಲ್ಲಿ ಒದ್ದೆ ಬಟ್ಟೆಗೆ ಚಳಿ ಹಿಡಿಯುತ್ತದೆ.

ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಯಾರಿಗಾದರೂ ಹೇಳಿ ಭುಜದ ಬಳಿ ಹಿಡಿದು ಮೇಲಕ್ಕೆಳೆಸಿ ನೋಡಿ. ಅದು ಕಿವಿಯವರೆಗೆ ಬಂದರೆ ಸಡಿಲ ಎಂದರ್ಥ, ನೀರಿನಲ್ಲಿ ತಲೆಯಿಂದಲೇ ಜಾರಿಹೋಗುತ್ತದೆ. ಮಕ್ಕಳದ್ದಕ್ಕೆ ಕಾಲುಗಳ ನಡುವೆ ಹಾಯುವ ಪಟ್ಟಿ ಇರಲೇಬೇಕು.

ಕಡಲಿನಲ್ಲಿ ವಾಕರಿಕೆ ಬರುವವರು ಮಾತ್ರೆಯನ್ನು ದೋಣಿ ಹತ್ತಿದ ಮೇಲೆ ನುಂಗಿದರೆ ತಡವಾಯಿತು. ಹೆಚ್ಚಿನ ಮಾತ್ರೆಗಳನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಬೇರೆ ಔಷಧಿ ನಡೆಯುತ್ತಿದ್ದರೆ, ಗರ್ಭಿಣಿಯಾಗಿದ್ದರೆ ವೈದ್ಯರನ್ನು ಕೇಳದೆ ಬೇಡ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ದೋಣಿಯಲ್ಲಿ ನಡುಭಾಗಕ್ಕಿಂತ ಸ್ವಲ್ಪ ಹಿಂದೆ ಕೂತರೆ ಕುಲುಕಾಟ ಕಡಿಮೆ. ಹಾಗಂತ ಎಂಜಿನ್ ಹೊಗೆ ಮೂಗಿಗೆ ಬಡಿಯುವಷ್ಟು ಹಿಂದೆ ಹೋಗಬೇಡಿ. ಕಣ್ಣು ದಿಗಂತದ ಮೇಲಿರಲಿ. ಫೋನ್ ನೋಡುತ್ತ ತಲೆ ತಗ್ಗಿಸಿದವರಿಗೆ ಮೊದಲು ಹೊಟ್ಟೆ ತೊಳೆಸುತ್ತದೆ.

ಹುಡುಕುವುದು

ಸಣ್ಣ ದೋಣಿಯಲ್ಲಿ ಕೂತವರ ಕಣ್ಣು ನೀರಿಗಿಂತ ಬಹಳ ಮೇಲಿರುವುದಿಲ್ಲ. ಕಣ್ಣು ಎರಡು ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು ಐದು ಕಿಲೋಮೀಟರ್ ದೂರ. ಆದರೆ ಡಾಲ್ಫಿನ್ ಬೆನ್ನು ಅಷ್ಟು ದೂರದಿಂದ ಕಾಣುವುದಿಲ್ಲ. ಕಾಣುವುದು ಅದರ ಸುಳಿವು.

ದೊಡ್ಡ ಸುಳಿವು ಹಕ್ಕಿಗಳು. ಕಡಲ ಹಕ್ಕಿಗಳು ಒಂದೇ ಕಡೆ ಸುತ್ತುತ್ತ ನೀರಿಗೆ ಧುಮುಕುತ್ತಿದ್ದರೆ ಕೆಳಗೆ ಮೀನಿನ ಗುಂಪು ಇದೆ. ಆ ಮೀನನ್ನು ಮೇಲಕ್ಕೆ ಒತ್ತಿ ತಂದವರು ಯಾರು ಎನ್ನುವುದೇ ಪ್ರಶ್ನೆ. ದೊಡ್ಡ ಮೀನುಗಳೂ ಇರಬಹುದು, ಡಾಲ್ಫಿನ್‌ಗಳೂ ಇರಬಹುದು. ಎರಡು ಬಣ್ಣದ ನೀರು ಸೇರುವ ಗೆರೆ, ನೊರೆ ಮತ್ತು ಕಸ ಉದ್ದಕ್ಕೆ ತೇಲುವ ಪಟ್ಟಿ, ಸಣ್ಣ ಮೀನು ಚಿಮ್ಮುವ ಜಾಗ, ಬಲೆ ಎಳೆಯುವ ದೋಣಿಗಳ ಹಿಂಬದಿ, ಇವನ್ನೂ ಬಿಡಬೇಡಿ.

ಎಲ್ಲರೂ ಒಂದೇ ಕಡೆ ನೋಡುತ್ತ ಕೂರಬಾರದು. ದಿಕ್ಕು ಹಂಚಿಕೊಳ್ಳಿ. ದೋಣಿಯ ಮುಂತುದಿ ಹನ್ನೆರಡು ಗಂಟೆ, ಬಲಗಡೆ ಮೂರು, ಹಿಂದೆ ಆರು, ಎಡಗಡೆ ಒಂಬತ್ತು ಎಂದು ಮೊದಲೇ ಒಪ್ಪಿಕೊಳ್ಳಿ. "ಅಲ್ಲಿ ನೋಡಿ, ಅಲ್ಲಿ!" ಎಂದು ಕೂಗಿದರೆ ಎಲ್ಲಿ ಎಂದು ತಿಳಿಯುವಷ್ಟರಲ್ಲಿ ಮುಗಿದಿರುತ್ತದೆ. "ಎರಡು ಗಂಟೆ, ನೂರು ಮೀಟರ್" ಎಂದರೆ ಎಲ್ಲರ ತಲೆಯೂ ಸರಿಯಾಗಿ ತಿರುಗುತ್ತದೆ. ಬರಿಗಣ್ಣಿನಲ್ಲಿ ನಿಧಾನವಾಗಿ ಎಡದಿಂದ ಬಲಕ್ಕೆ ನೋಡುತ್ತ ಹೋಗಿ. ದುರ್ಬೀನು ಬೇಕಾಗುವುದು ಏನಾದರೂ ಕಂಡ ಮೇಲೆ.

ಇಡೀ ಹೊತ್ತು ದೋಣಿ ಓಡಿಸುತ್ತ ಹುಡುಕುವುದಕ್ಕಿಂತ ಒಳ್ಳೆಯ ಜಾಗ ನೋಡಿ ಎಂಜಿನ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಸುಮ್ನೆ ಕೂರುವುದೇ ಮೇಲು ಎನ್ನುವುದು ನನ್ನ ಮಟ್ಟಿಗೆ ಖಚಿತ. ಡಾಲ್ಫಿನ್ ಮೀನಲ್ಲ, ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಕೆಲವು ನಿಮಿಷಕ್ಕೊಮ್ಮೆಯಾದರೂ ಮೇಲೆ ಬರಲೇಬೇಕು. ನೆತ್ತಿಯ ರಂಧ್ರದಿಂದ ಉಸಿರು ಬಿಡುವಾಗ "ಪುಶ್ಶ್" ಎಂಬ ಸದ್ದಾಗುತ್ತದೆ. ನಿಶ್ಶಬ್ದ ಬೆಳಗಿನಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುವುದು ಅದೇ. ಎಂಜಿನ್ ಓಡುತ್ತಿದ್ದರೆ ಅದೂ ಇಲ್ಲ.

ರೆಕ್ಕೆ ಕಂಡ ಕೂಡಲೇ ಡಾಲ್ಫಿನ್ ಎಂದುಕೊಳ್ಳಬೇಡಿ. ಡಾಲ್ಫಿನ್ ಬಾಲ ಮೇಲೆ ಕೆಳಗೆ ಬಡಿಯುತ್ತದೆ, ಹಾಗಾಗಿ ಬೆನ್ನು ಕಮಾನಿನಂತೆ ಎದ್ದು, ಉರುಳಿ, ಮುಳುಗುತ್ತದೆ. ಶಾರ್ಕ್ ಬಾಲ ಅಕ್ಕಪಕ್ಕ ಬೀಸುತ್ತದೆ. ಅದರ ರೆಕ್ಕೆ ನೀರನ್ನು ಸೀಳುತ್ತ ಒಂದೇ ಮಟ್ಟದಲ್ಲಿ ಸಾಗುತ್ತದೆ, ಹಿಂದೆ ಬಾಲದ ತುದಿಯೂ ಕಾಣಬಹುದು. ಬೆನ್ನುರೆಕ್ಕೆಯೇ ಇಲ್ಲದ ನುಣುಪು ಬೆನ್ನು ಒಂದು ಕ್ಷಣ ಕಂಡು ಮಾಯವಾದರೆ ಅದು ಡಾಲ್ಫಿನ್‌ನ ನೆಂಟ ಫಿನ್‌ಲೆಸ್ ಪೋರ್ಪಾಯ್ಸ್ ಇರಬಹುದು.

ಕಂಡಿತು. ಈಗ ಏನು?

ಏನೂ ಮಾಡಬೇಡಿ. ಮೊದಲ ಎರಡು ನಿಮಿಷ ವೇಗ ಇಳಿಸಿ, ಅವು ಯಾವ ಕಡೆ ಹೋಗುತ್ತಿವೆ, ಎಷ್ಟಿವೆ, ಮರಿ ಇದೆಯೇ ಎಂದು ದೂರದಿಂದಲೇ ನೋಡಿ. ಸುತ್ತ ಬೇರೆ ದೋಣಿಗಳು ಎಷ್ಟಿವೆ ಎನ್ನುವುದನ್ನೂ ನೋಡಿ. ಆಗಲೇ ಗುಂಪು ಕಟ್ಟಿದ್ದರೆ ದೂರ ನಿಂತು ನಿಮ್ಮ ಸರದಿ ಕಾಯಿರಿ, ಇಲ್ಲವೇ ಬೇರೆ ಕಡೆ ಹೋಗಿ.

ಹತ್ತಿರ ಹೋಗುವುದೇ ಆದರೆ ಪಕ್ಕದಿಂದ, ಸ್ವಲ್ಪ ಹಿಂದಿನಿಂದ. ಅವು ಸಾಗುವ ದಿಕ್ಕಿಗೆ ಸಮಾನಾಂತರವಾಗಿ, ಅವುಗಳ ವೇಗ ಮೀರದೆ, ನೀರಿನಲ್ಲಿ ಅಲೆ ಏಳದಷ್ಟು ನಿಧಾನ. ನೇರ ಮುಂದಿನಿಂದ ಹೋದರೆ ದಾರಿಗೆ ಅಡ್ಡ ಬಂದ ಹಾಗಾಗುತ್ತದೆ, ನೇರ ಹಿಂದಿನಿಂದ ಹೋದರೆ ಬೆನ್ನಟ್ಟಿದ ಹಾಗಾಗುತ್ತದೆ. ಹಿಂಡಿನ ನಡುವೆ ನುಗ್ಗಿ ಎರಡಾಗಿ ಒಡೆಯುವುದು, ದಡಕ್ಕೂ ದೋಣಿಗೂ ನಡುವೆ ಸಿಕ್ಕಿಸುವುದು, ಇವೆರಡೂ ಆಗಬಾರದು. ಅಮೆರಿಕದಲ್ಲಿ ಡಾಲ್ಫಿನ್‌ಗಳಿಗೆ ಹೇಳುವ ಕನಿಷ್ಠ ಅಂತರ 50 ಗಜ, ಅಂದರೆ ಸುಮಾರು 45 ಮೀಟರ್. ನೀವು ಹೋದ ಕಡೆ ಬೇರೆ ಅಂತರ ಹೇಳಿದ್ದರೆ ಅದೇ ಅಂತಿಮ. ಆ ಅಂತರಕ್ಕೆ ಬಂದ ಮೇಲೆ ಗೇರ್ ನ್ಯೂಟ್ರಲ್‌ಗೆ ತನ್ನಿ. ದೋಣಿ ಅಲ್ಲೇ ಇರಲಿ.

ಇನ್ನು ಮುಂದಿನ ನಿರ್ಧಾರ ಅವುಗಳದ್ದು. ಕುತೂಹಲ ಇದ್ದರೆ ಬರುತ್ತವೆ. ಒಮ್ಮೊಮ್ಮೆ ದೋಣಿ ಮೆಲ್ಲಗೆ ಸಾಗುತ್ತಿರುವಾಗ ಮುಂಭಾಗದ ಒತ್ತಡದ ಅಲೆಯನ್ನೇರಿ ಜೊತೆಗೇ ಬರುತ್ತವೆ. ಹಾಗೆ ಬಂದಾಗ ವೇಗವನ್ನೂ ದಿಕ್ಕನ್ನೂ ಬದಲಿಸದೆ ಸಾಗಿ. ತಟ್ಟನೆ ತಿರುಗಿಸಬೇಡಿ, ಹಿಂದಕ್ಕೆ ಗೇರ್ ಹಾಕಬೇಡಿ, ಪ್ರೊಪೆಲ್ಲರ್ ಎಲ್ಲಿದೆ ಎಂದು ಅವುಗಳಿಗೆ ಯಾವಾಗಲೂ ಅಂದಾಜಿರಬೇಕು. ಡಾಲ್ಫಿನ್‌ಗಳಿಗೆ ಹಡಗಿನ ಜೊತೆ ಸಾಗುವ ಹುಚ್ಚು ಹಳೆಯದು. ನ್ಯೂಜಿಲೆಂಡಿನಲ್ಲಿ ಪೆಲೋರಸ್ ಜ್ಯಾಕ್ ಎಂದು ಹೆಸರಾಗಿದ್ದ ಒಂದು ರಿಸ್ಸೋಸ್ ಡಾಲ್ಫಿನ್ 1888ರಿಂದ 1912ರವರೆಗೆ ಹಡಗುಗಳ ಜೊತೆ ಈಜುತ್ತಿತ್ತು. 1904ರಲ್ಲಿ ಸರ್ಕಾರ ಅದರ ರಕ್ಷಣೆಗೆಂದೇ ಆದೇಶ ಹೊರಡಿಸಿತು. ಅದನ್ನು ಯಾರೂ ಮೀನು ಎಸೆದು ಕರೆಸಿಕೊಂಡಿರಲಿಲ್ಲ ಎಂಬುದನ್ನು ಗಮನಿಸಿ.

ಮೀನು ಎಸೆಯಬಾರದು ಎನ್ನುವುದಕ್ಕೆ ಕಾರಣ ಸರಳ. ತಿನ್ನಿಸಿ ಅಭ್ಯಾಸವಾದ ಡಾಲ್ಫಿನ್ ದೋಣಿಗಳ ಬಳಿ ಬೇಡುತ್ತ ಸುಳಿಯುತ್ತದೆ, ಪ್ರೊಪೆಲ್ಲರ್‌ಗೆ ಸಿಕ್ಕಿ ಗಾಯ ಮಾಡಿಕೊಳ್ಳುತ್ತದೆ, ಗಾಳ ನುಂಗುತ್ತದೆ, ಕೆಲವು ಸಲ ಕಚ್ಚುತ್ತದೆ ಕೂಡ. ಮುಟ್ಟುವುದು, ನೀರಿಗೆ ಹಾರುವುದು, ಚಪ್ಪಾಳೆ ತಟ್ಟುವುದು, ದೋಣಿಯ ಮೈ ಬಡಿಯುವುದು, ಡ್ರೋನ್ ತಗ್ಗಿಸಿ ಹಾರಿಸುವುದು, ಯಾವುದೂ ಬೇಡ.

ಮರಿ ಇದ್ದರೆ ದೂರ ಇನ್ನೂ ಹೆಚ್ಚಿಸಿ. ಮರಿ ತಾಯಿಯ ಪಕ್ಕಕ್ಕೆ ಅಂಟಿಕೊಂಡ ಹಾಗೆ ಈಜುತ್ತದೆ, ತಾಯಿಯ ಮೈ ಸೀಳುವ ನೀರೇ ಅದನ್ನು ಎಳೆದುಕೊಂಡು ಹೋಗುತ್ತದೆ. ಬಾಟಲ್‌ನೋಸ್ ಮರಿ ಹುಟ್ಟುವಾಗ ಒಂದು ಮೀಟರಿನಷ್ಟಿರುತ್ತದೆ. ಮೈಮೇಲೆ ಅಡ್ಡಡ್ಡ ತಿಳಿ ಗೆರೆಗಳಿದ್ದರೆ ತೀರಾ ಹೊಸ ಮರಿ, ತಾಯಿಯ ಹೊಟ್ಟೆಯಲ್ಲಿ ಮಡಚಿಕೊಂಡಿದ್ದ ಗುರುತು ಅದು. ಅಂಥದ್ದನ್ನು ಕಂಡರೆ ಒಂದು ನೋಟ ನೋಡಿ ಹೊರಟುಬಿಡಿ.

ಅವುಗಳಿಗೆ ಸಾಕಾಗಿದೆ ಎಂದು ತಿಳಿಯುವುದು ಹೇಗೆ

ಇದನ್ನು ಓದಲು ಕಲಿತರೆ ಉಳಿದ ನಿಯಮಗಳು ತಾವಾಗಿ ಅರ್ಥವಾಗುತ್ತವೆ. ಹಿಂಡು ಒತ್ತೊತ್ತಾಗಿ, ಒಂದೇ ಲಯದಲ್ಲಿ ಮೆಲ್ಲಗೆ ಎದ್ದು ಮುಳುಗುತ್ತಿದ್ದರೆ ಅವು ವಿಶ್ರಾಂತಿಯಲ್ಲಿವೆ. ಡಾಲ್ಫಿನ್ ಮೆದುಳಿನ ಒಂದು ಅರ್ಧ ಮಾತ್ರ ಒಮ್ಮೆಗೆ ನಿದ್ದೆ ಮಾಡುತ್ತದೆ, ಉಸಿರಿಗೆ ಏಳಲು ಇನ್ನೊಂದು ಅರ್ಧ ಎಚ್ಚರವಿರಬೇಕು. ಇಂಥ ಹಿಂಡನ್ನು ದೂರದಿಂದ ನೋಡಿ ಬಿಟ್ಟುಬಿಡಿ.

ದೋಣಿ ಬಂದ ಮೇಲೆ ದಿಕ್ಕು ಪದೇ ಪದೇ ಬದಲಾದರೆ, ಮುಳುಗುವ ಹೊತ್ತು ಉದ್ದವಾಗುತ್ತ ಹೋದರೆ, ಚದುರಿದ್ದವು ತಟ್ಟನೆ ಒಟ್ಟುಗೂಡಿದರೆ, ತಾಯಿ ಮರಿಯನ್ನು ದೋಣಿಯ ಆಚೆ ಬದಿಗೆ ಹಾಕಿಕೊಂಡರೆ, ಬಾಲವನ್ನು ನೀರಿಗೆ ಪಟಪಟನೆ ಬಡಿದರೆ ನೀವು ಹೆಚ್ಚಾಗಿದ್ದೀರಿ ಎಂದು ತಿಳಿಯಿರಿ. ಬಾಲ ಬಡಿತ ಕೆಲವೊಮ್ಮೆ ಬೇಟೆಯ ಭಾಗವೂ ಹೌದು. ಹಾಗಾಗಿ ಅದೊಂದನ್ನೇ ನೋಡದೆ ಉಳಿದವನ್ನೂ ಸೇರಿಸಿ ನೋಡಿ. ಯಾವ ಲಕ್ಷಣವೂ ಇಲ್ಲದಿದ್ದರೂ ಅರ್ಧ ಗಂಟೆ ಸಾಕು. ಹೊರಡುವಾಗಲೂ ಬಂದಷ್ಟೇ ನಿಧಾನ. ಎಲ್ಲ ಡಾಲ್ಫಿನ್‌ಗಳೂ ಹಿಂದೆ ಉಳಿದಿವೆ ಎಂದು ಖಚಿತವಾದ ಮೇಲೆಯೇ ವೇಗ ಹೆಚ್ಚಿಸಿ.

ಫೋಟೊ

ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ ಎನ್ನುವುದು ನನ್ನ ಸಲಹೆ. ಯಾರೂ ಕೇಳುವುದಿಲ್ಲ, ಗೊತ್ತು. ತೆಗೆಯುವುದಾದರೆ ಷಟರ್ ವೇಗ ಸೆಕೆಂಡಿನ 1000ನೇ ಒಂದು ಭಾಗ ಅಥವಾ ಅದಕ್ಕಿಂತ ವೇಗ, ಬರ್ಸ್ಟ್ ಮೋಡ್ (ಗುಂಡಿ ಒತ್ತಿಹಿಡಿದರೆ ಸಾಲಾಗಿ ಚಿತ್ರ ತೆಗೆಯುವುದು), ನಿರಂತರ ಫೋಕಸ್. ಮುಳುಗಿದ ಜಾಗಕ್ಕೆ ಗುರಿಯಿಟ್ಟು ಕೂತರೆ ಖಾಲಿ ನೀರಿನ ಚಿತ್ರಗಳೇ ಸಿಗುತ್ತವೆ. ಅವು ಸಾಗುವ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಗುರಿಯಿಡಿ. ಫೋನಿನಲ್ಲಿ ಜೂಮ್ ಮಾಡುವ ಬದಲು ವಿಡಿಯೊ ತೆಗೆದು ಆಮೇಲೆ ಅದರಿಂದ ಚಿತ್ರ ಆರಿಸಿಕೊಳ್ಳುವುದು ಸುಲಭ. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಎದ್ದು ನಿಲ್ಲಬೇಡಿ, ಎಲ್ಲರೂ ಒಂದೇ ಪಕ್ಕಕ್ಕೆ ಓಡಬೇಡಿ. ಸಣ್ಣ ದೋಣಿ ಮಗುಚುವುದು ಹೀಗೇ.

ಬೆನ್ನುರೆಕ್ಕೆಯ ಹಿಂದಿನ ಅಂಚು ಸ್ಪಷ್ಟವಾಗಿ ಬಂದ ಒಂದು ಪಕ್ಕದ ಚಿತ್ರ ಸಿಕ್ಕರೆ ಅದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಆ ಅಂಚಿನ ಸೀಳು, ಕಚ್ಚುಗಳಿಂದಲೇ ಸಂಶೋಧಕರು ಒಂದೊಂದು ಡಾಲ್ಫಿನ್‌ನ ಗುರುತು ಹಿಡಿಯುತ್ತಾರೆ.

ದಡಕ್ಕೆ ಬಂದ ಮೇಲೆ

ದಿನಾಂಕ, ಹೊತ್ತು, ಜಾಗ, ಎಷ್ಟಿದ್ದವು, ಮರಿ ಇತ್ತೇ, ಏನು ಮಾಡುತ್ತಿದ್ದವು ಎಂದು ಮರೆಯುವ ಮೊದಲೇ ಬರೆದಿಡಿ. ಚಿತ್ರದ ಜೊತೆ ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕಿದರೆ ಬಲ್ಲವರು ಜಾತಿ ಗುರುತಿಸಿಕೊಡುತ್ತಾರೆ, ದಾಖಲೆಯೂ ಉಳಿಯುತ್ತದೆ. ಏನೂ ಕಾಣದ ದಿನದಲ್ಲೂ ಗಾಳಿ, ಭರತ, ಹೋದ ದಾರಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಹೊತ್ತು ಆರಿಸಲು ಅದೇ ಆಧಾರ.

ದಾರಿಯಲ್ಲಿ ಬಲೆಗೆ ಸಿಕ್ಕ ಅಥವಾ ಗಾಯಗೊಂಡ ಡಾಲ್ಫಿನ್ ಕಂಡಿದ್ದರೆ ಅರಣ್ಯ ಅಥವಾ ಕರಾವಳಿ ಕಾವಲಿನವರಿಗೆ ಕೂಡಲೇ ಜಾಗ ತಿಳಿಸಿ. ದಡಕ್ಕೆ ಬಂದು ಬಿದ್ದ ಜೀವಂತ ಡಾಲ್ಫಿನ್ ಸಿಕ್ಕರೆ ಎಳೆದು ನೀರಿಗೆ ನೂಕಬೇಡಿ, ಬಾಲ ಹಿಡಿದಂತೂ ಎಳೆಯಲೇಬೇಡಿ. ಜನರನ್ನು, ನಾಯಿಗಳನ್ನು ದೂರವಿಡಿ. ಒದ್ದೆ ಬಟ್ಟೆ ಹೊದಿಸಿ ಮೈ ಒಣಗದಂತೆ ನೋಡಿಕೊಳ್ಳಿ. ನೆತ್ತಿಯ ಉಸಿರಿನ ರಂಧ್ರಕ್ಕೆ ಮಾತ್ರ ಬಟ್ಟೆ ತಾಗಬಾರದು, ನೀರೂ ಹೋಗಬಾರದು. ತಿಳಿದವರು ಬರುವವರೆಗೆ ನೆರಳು ಮಾಡಿ, ಸದ್ದಿಲ್ಲದೆ ಪಕ್ಕದಲ್ಲಿರಿ.